ಗುಮ್ಮನ ಹೆಸರಿಗೆ ಒಂದು ಜನಾಂಗವನ್ನು ಹೊಣೆ ಮಾಡಬೇಡಿ

ಇಂಗ್ಲಿಷಿನಲ್ಲಿ ಗುಮ್ಮನಿಗೆ ಇರುವ 'ಬೋಗಿಮ್ಯಾನ್' ಅನ್ನೋ ಹೆಸರು ಇಂಡೋನೇಷ್ಯಾದ ಬುಗಿಸ್ ಜನರಿಂದ ಬಂತು ಅನ್ನೋ ಕಥೆ ಮತ್ತೆ ಓಡಾಡ್ತಿದೆ. ಬುಗಿಸ್ ಕಡಲ್ಗಳ್ಳರನ್ನು ಕಂಡು ಬೆಚ್ಚಿದ ಯುರೋಪಿನ ನಾವಿಕರು ಊರಿಗೆ ಮರಳಿ, ಅದೇ ಹೆಸರು ಹೇಳಿ ಮಕ್ಕಳನ್ನು ಹೆದರಿಸಿದರಂತೆ. ದಯವಿಟ್ಟು ಇದನ್ನು ಹಂಚಬೇಡಿ.

ಕಾಲವೇ ತಾಳೆಯಾಗೋದಿಲ್ಲ. 'ಬೋಗಿ'ಗೆ ನಂಟಿದೆ ಅಂತ ವಿದ್ವಾಂಸರು ಭಾವಿಸುವ 'ಬಗ್' ಪದ 14ನೇ ಶತಮಾನದ ಕೊನೆಯ ಇಂಗ್ಲಿಷಿನಲ್ಲೇ ಬೆದರುಬೊಂಬೆ ಅನ್ನೋ ಅರ್ಥದಲ್ಲಿ ಸಿಗುತ್ತೆ. 1535ರ ಇಂಗ್ಲಿಷ್ ಅನುವಾದ ಕವರ್‌ಡೇಲ್ ಬೈಬಲ್ಲಿನ 91ನೇ ಕೀರ್ತನೆಯಲ್ಲಿ ಇರುಳಿನ ಭಯಕ್ಕೂ ಅದೇ ಪದ. ಪೋರ್ಚುಗೀಸರು ಆ ಕಡೆಯ ಮಲಕ್ಕಾ ಬಂದರು ಹಿಡಿದದ್ದೇ 1511ರಲ್ಲಿ, ಇಂಗ್ಲಿಷರು ಆ ಕಡಲಿಗೆ ಇಳಿದದ್ದು ಇನ್ನೂ ಎಷ್ಟೋ ಆಮೇಲೆ. ಸ್ವಂತ ಲಿಪಿ ಇರುವ, ಹಡಗು ಕಟ್ಟಿ ವ್ಯಾಪಾರ ಮಾಡಿದ ಒಂದು ಜನಾಂಗಕ್ಕೆ ಮಕ್ಕಳನ್ನು ಹಿಡಿಯುವವರು ಅನ್ನೋ ಪಟ್ಟ ಯಾಕೆ? 'ಓಗರ್' ಅನ್ನೋ ನರಭಕ್ಷಕನ ಹೆಸರನ್ನೂ ಹೀಗೇ ಹಂಗೇರಿಯವರ ತಲೆಗೆ ಕಟ್ಟಿದ್ದರು. ರೋಮನ್ನರ ಪಾತಾಳದ ದೇವರು ಓರ್ಕಸ್‌ನಿಂದ ಬಂದಿರಬೇಕು ಅನ್ನೋದೇ ಈಗ ಹೆಚ್ಚಿನವರ ಅಭಿಪ್ರಾಯ.

ನನಗೆ ನಿಜವಾಗಿ ಬೆರಗು ಹುಟ್ಟಿಸೋದು ಸದ್ದು. ನಮ್ಮ ಗುಮ್ಮ, ತೆಲುಗಿನ ಬೂಚಿ, ಇಟಲಿಯ ಬಬಾವು, ಹಳೆಯ ಗ್ರೀಕರ ಮೊರ್ಮೊ. ಎಲ್ಲದರಲ್ಲೂ ತುಟಿ ಮುಚ್ಚಿ ಹೇಳುವ ಪವರ್ಗದ (ಪ, ಬ, ಮ) ಅಕ್ಷರ! ಕೂಸಿನ ಬಾಯಲ್ಲಿ ಮೊದಮೊದಲು ಹೊರಡುವ ವ್ಯಂಜನಗಳಲ್ಲಿ ಇವೂ ಸೇರಿವೆ, ಅಮ್ಮ ಅಪ್ಪ ಹುಟ್ಟಿದ್ದೂ ಇಲ್ಲೇ. 'ಗುಮ್ಮ' ಅಂತ ನಿಧಾನವಾಗಿ ಹೇಳಿ ನೋಡಿ. ಮಕಾರದ ಒತ್ತಿಗೆ ತುಟಿ ಮುಚ್ಚಿಕೊಳ್ಳುತ್ತೆ, ಸದ್ದು ಒಳಗೇ ಗುಂಯ್‌ಗುಡುತ್ತೆ, ಆಮೇಲೆ ಬಾಯಿ ತಟ್ಟನೆ ತೆರೆಯುತ್ತೆ. ಅರ್ಥ ತಿಳಿಯದ ಮಗುವೂ ಬೆಚ್ಚೋದಕ್ಕೆ ಅಷ್ಟು ಸಾಕು. ಇಂಥ ಪದವನ್ನು ಯಾರಿಂದಲೂ ಸಾಲ ತರಬೇಕಾಗಿಲ್ಲ, ಬೇರೆ ಬೇರೆ ಕಡೆ ತಾನಾಗೇ ಹುಟ್ಟಬಹುದು.

(ಗುಮ್ಮನ ಹೆಸರು ಹಣ್ಣಿಗೆ ಅಂಟಿದ್ದೂ ಉಂಟು. ಸುಲಿದ ತೆಂಗಿನಕಾಯಿಯ ಮೂರು ಕಣ್ಣು ಪೋರ್ಚುಗೀಸರಿಗೆ ತಮ್ಮ 'ಕೋಕೊ'ನ ಮುಖದ ಹಾಗೆ ಕಂಡಿತು. 'ಕೋಕೊನಟ್' ಬಂದದ್ದು ಹಾಗೆ.)

ಇತಿಹಾಸದ ಜನರೇ ಗುಮ್ಮಗಳಾದ ಉದಾಹರಣೆಗಳೂ ಇವೆ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಬಂಗಾಳದ ಜೋಗುಳದಲ್ಲಿ ಮಗು ಮಲಗುವ ಹೊತ್ತಿಗೆ ನಾಡಿಗೆ ನುಗ್ಗುವ 'ಬರ್ಗಿ'ಗಳು 1741ರಿಂದ 1751ರವರೆಗೆ ಅಲ್ಲಿ ಲೂಟಿ ಮಾಡಿದ ಮರಾಠಾ ಸವಾರರು. ಸರ್ಕಾರವೇ ಕುದುರೆ ಕೊಟ್ಟ ಸವಾರನಿಗೆ 'ಬಾರ್ಗೀರ್' ಅನ್ನುತ್ತಿದ್ದರು, ಅದೇ 'ಬರ್ಗಿ' ಆಯಿತು. ಅಲ್ಲಿ ದಾಳಿಯ ಇಸವಿ ಇದೆ, ಪದದ ದಾರಿ ಇದೆ, ಹಾಡೂ ಇದೆ. ಬುಗಿಸರ ಕಥೆ ಹಂಚುವವರು ಇಂಥ ಒಂದೇ ಒಂದು ಸಾಕ್ಷಿ ತೋರಿಸಲಿ, ಈ ಬರಹವನ್ನು ನಾನೇ ಅಳಿಸ್ತೀನಿ.