ಸತ್ಯಾಂಶ: ಎಂಬಿಇ ಸಿಕ್ಕವರೆಲ್ಲ ‘ಸರ್’ ಆಗುವುದಿಲ್ಲ

ಬ್ರಿಟನ್ನಿನಲ್ಲಿ ನಮ್ಮವರಿಗೆ ಅಲ್ಲಿನ ರಾಜ ಕೊಡುವ ಎಂಬಿಇ ಅಥವಾ ಒಬಿಇ ಗೌರವ ಬಂದರೆ ಸಾಕು, ‘ಇನ್ನು ಇವರು ಸರ್’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ತಪ್ಪು.

1917ರಲ್ಲಿ ಐದನೇ ಜಾರ್ಜ್ ಸ್ಥಾಪಿಸಿದ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್‌ನಲ್ಲಿ 5 ದರ್ಜೆಗಳಿವೆ. ಮೇಲಿನಿಂದ ಜಿಬಿಇ, ಕೆಬಿಇ (ಮಹಿಳೆಯರಿಗೆ ಡಿಬಿಇ), ಸಿಬಿಇ, ಒಬಿಇ, ಎಂಬಿಇ. ‘ಸರ್’ ಅಥವಾ ಮಹಿಳೆಯರಿಗೆ ‘ಡೇಮ್’ ಸಿಗುವುದು ಮೊದಲ ಎರಡಕ್ಕೆ ಮಾತ್ರ. ಉಳಿದ ಮೂರರವರು ಹೆಸರಿನ ನಂತರ ಆ ಅಕ್ಷರಗಳನ್ನು ಹಾಕಿಕೊಳ್ಳಬಹುದು, ಅಷ್ಟೇ.

ಹೆಚ್ಚು ಜನ ಎಡವುವುದು ಕರೆಯುವ ರೀತಿಯಲ್ಲಿ. ‘ಸರ್’ ಅಂಟುವುದು ಸ್ವಂತ ಹೆಸರಿಗೆ, ಮನೆತನದ ಹೆಸರಿಗಲ್ಲ. ಬ್ರಿಟಿಷ್ ರಾಜಕಾರಣಿ ಕೀರ್ ಸ್ಟಾರ್ಮರ್ ಲಕೋಟೆಯ ಮೇಲೆ ‘ಸರ್ ಕೀರ್ ಸ್ಟಾರ್ಮರ್’. ಎದುರಿಗೆ ಸಿಕ್ಕರೆ ‘ಸರ್ ಕೀರ್’. ‘ಸರ್ ಸ್ಟಾರ್ಮರ್’ ಎಂದರೆ ತಪ್ಪು. ಹಾಗೆಯೇ ನಟಿ ಜೂಡಿ ಡೆಂಚ್ ‘ಡೇಮ್ ಜೂಡಿ’. ಸರ್ ಪದವಿಯವರ ಪತ್ನಿಗೆ ಮಾತ್ರ ‘ಲೇಡಿ’ಯ ಜೊತೆ ಮನೆತನದ ಹೆಸರು ಬರುತ್ತದೆ. ಡೇಮ್ ಆದವರ ಪತಿಗೆ ಯಾವ ಬಿರುದೂ ಇಲ್ಲ.

1915ರಲ್ಲಿ ಕೆಸಿಐಇ (ಬ್ರಿಟಿಷ್ ಭಾರತದ ಕಾಲದ ಇನ್ನೊಂದು ‘ಸರ್’ ಪದವಿ) ಪಡೆದ ನಮ್ಮ ವಿಶ್ವೇಶ್ವರಯ್ಯನವರನ್ನು ‘ಸರ್ ವಿಶ್ವೇಶ್ವರಯ್ಯ’ ಎನ್ನುವುದು ಈ ನಿಯಮಕ್ಕೂ ಸರಿಹೊಂದುತ್ತದೆ: ಮೋಕ್ಷಗುಂಡಂ ಊರಿನ ಹೆಸರು, ವಿಶ್ವೇಶ್ವರಯ್ಯ ಅವರ ಸ್ವಂತ ಹೆಸರು.

ಇಂದಿನ ಭಾರತೀಯ ಪ್ರಜೆಗಳ ವಿಷಯ ಬೇರೆ. ಬ್ರಿಟನ್ ರಾಜ ಭಾರತದ ಮುಖ್ಯಸ್ಥನಲ್ಲದ ಕಾರಣ ಅವರಿಗೆ ಸಿಗುವುದು ಗೌರವ (ಆನರರಿ) ದರ್ಜೆ; ಅದಕ್ಕೆ ‘ಸರ್’ ಇಲ್ಲ. 2014ರಲ್ಲಿ ಅತ್ಯುನ್ನತ ಜಿಬಿಇ ಪಡೆದರೂ ರತನ್ ಟಾಟಾ ‘ಸರ್ ರತನ್’ ಆಗಲಿಲ್ಲ. ವಿದೇಶಿ ರಾಷ್ಟ್ರಗಳಿಂದ ಬಿರುದು ಸ್ವೀಕರಿಸುವುದನ್ನು ನಮ್ಮ ಸಂವಿಧಾನದ 18ನೇ ವಿಧಿಯೂ ನಿಷೇಧಿಸುತ್ತದೆ.