ದಾಳಿಕೋರರು 21 ಅಡಿ ದೂರದಲ್ಲೇ ನಿಲ್ಲತಕ್ಕದ್ದು

ಆತ್ಮರಕ್ಷಣೆಗೆ ಪಿಸ್ತೂಲು ಮೇಲೋ ಕರಾಟೆ ಮೇಲೋ ಎಂಬ ಮಹಾಚರ್ಚೆಯಲ್ಲಿ ಎರಡೂ ಪಕ್ಷದವರು ತಕರಾರಿಲ್ಲದೆ ಒಪ್ಪಿಕೊಂಡಿರುವ ಸಂಗತಿ ಒಂದೇ: ದಾಳಿಕೋರ ಬಲು ಸಜ್ಜನ. ಪಿಸ್ತೂಲಿನವರ ದಾಳಿಕೋರ ದೂರದಿಂದಲೇ ಕೂಗಿ ಉದ್ದೇಶ ತಿಳಿಸಿ, ಬೆಳಕಿರುವ ಕಡೆ ಎದುರಿಗೇ ಬಂದು ನಿಲ್ಲುತ್ತಾನೆ. ಅವನ ಬೆನ್ನ ಹಿಂದಿನ ಗೋಡೆಯಾಚೆ ಯಾರೂ ಮಲಗಿರುವುದಿಲ್ಲ. ಕರಾಟೆಯವರ ದಾಳಿಕೋರ ಇನ್ನೂ ಶಿಸ್ತಿನವನು. ಬಲಗೈಯಲ್ಲಿ ಒಂದೇ ಒಂದು ಗುದ್ದು ಕೊಟ್ಟು, ಆ ಕೈಯನ್ನು ಹಾಗೇ ಚಾಚಿಕೊಂಡು, ತನ್ನ ಮೇಲೆ ಐದಾರು ಪಟ್ಟುಗಳ ಪ್ರಯೋಗ ಮುಗಿಯುವ ತನಕ ಮಿಸುಕಾಡದೆ ನಿಂತಿರುತ್ತಾನೆ.

ಪಿಸ್ತೂಲಿನ ಪಕ್ಷಕ್ಕೆ ಗಡಿಯಾರ ಕಂಡರಾಗದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲೇ ಲೆಕ್ಕ ಕೊಟ್ಟಿದ್ದರು: ಚಾಕು ಹಿಡಿದವನು 21 ಅಡಿ ಓಡಿ ಬರಲು ಸುಮಾರು ಒಂದೂವರೆ ಸೆಕೆಂಡು. ಪಳಗಿದ ಕೈ ಸೊಂಟದ ಹೋಲ್‌ಸ್ಟರ್‌ನಿಂದ ಪಿಸ್ತೂಲು ಸೆಳೆದು ಎದೆಗೆ ಎರಡು ಗುಂಡು ಹೊಡೆಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಇಷ್ಟು ಹತ್ತಿರ ಬಂದರೆ ಅಪಾಯ ಎಂದು ಅವರು ಹೇಳಿದ್ದನ್ನು ಭಕ್ತರು ಲಕ್ಷ್ಮಣರೇಖೆ ಮಾಡಿಕೊಂಡರು. ರೇಖೆಯ ಆಚೆಗಿದ್ದರೆ ಕ್ಷೇಮ, ಈಚೆಗೆ ಬಂದರೆ ಅವನ ಹಣೆಬರಹ!

ಅದೂ ಹೊರಗೆ ಕಾಣುವ ಹೋಲ್‌ಸ್ಟರ್‌ನ ಮಾತು. ಅಂಗಿಯೊಳಗೆ ಬಚ್ಚಿಟ್ಟುಕೊಂಡವರು ಮೊದಲು ಎಡಗೈಯಲ್ಲಿ ಅಂಗಿಯನ್ನು ಎದೆಯ ತನಕ ಎತ್ತಬೇಕು. ಬಲಗೈಯ ಹಿಡಿತ ಹೋಲ್‌ಸ್ಟರ್‌ನಲ್ಲೇ ಪೂರ್ತಿ ಕೂರಬೇಕು, ಆಮೇಲೆ ನೇರ ಮೇಲಕ್ಕೆ ಎಳೆಯಬೇಕು. ನಳಿಕೆ ಗುರಿಯತ್ತ ತಿರುಗುವ ತನಕ ಬೆರಳು ಟ್ರಿಗರ್ ಮುಟ್ಟಕೂಡದು; ಮುಟ್ಟಿದರೆ ಮೊದಲ ಗುಂಡು ಸ್ವಂತ ತೊಡೆಗೆ. ಅಂಗಿಯ ಅಂಚು ಹಿಡಿಕೆಗೆ ಸಿಕ್ಕಿಕೊಂಡರಂತೂ ದಾಳಿಕೋರನೇ ಬಿಡಿಸಿಕೊಡಬೇಕು. ಅವನು ಮೈಮೇಲೆ ಬಿದ್ದ ಮೇಲೆ ನಳಿಕೆಯನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದರೆ ಎಷ್ಟೋ ಪಿಸ್ತೂಲುಗಳಲ್ಲಿ ಮೇಲಿನ ಜಾರುಭಾಗವಾದ ಸ್ಲೈಡ್ ಸ್ವಲ್ಪ ಹಿಂದೆ ಸರಿದು ಗುಂಡೇ ಹಾರುವುದಿಲ್ಲ. ಇದು ಪ್ರಚಾರದ ವಿಡಿಯೊದಲ್ಲಿ ಬರುವುದಿಲ್ಲ.

ಮನೆಯಲ್ಲಿ ಪಿಸ್ತೂಲಿಗೆ ಒಂದು ಬೀಗ, ಗುಂಡಿಗೆ ಇನ್ನೊಂದು. ಮಕ್ಕಳಿರುವ ಮನೆಯಲ್ಲಿ ಅದೇ ಸರಿ. ಆದರೆ ಹಾಗಿಟ್ಟವರು ನಾನು ಸದಾ ಸನ್ನದ್ಧ ಎಂದು ಮೀಸೆ ತಿರುವುವುದು ಯಾವ ಧೈರ್ಯದ ಮೇಲೋ.

ಇನ್ನು ಬರಿಗೈ ವೀರರು. ಇವರ ಪರಂಪರೆ ದೊಡ್ಡದು. 1900ರಲ್ಲಿ ಚೀನಾದ ಬಾಕ್ಸರ್ ದಂಗೆಯವರು ಮುಷ್ಟಿಯುದ್ಧದ ಸಾಧನೆ, ಮಂತ್ರ, ದೇವರ ಆವಾಹನೆ ಸೇರಿದರೆ ಗುಂಡು ನಾಟದು ಎಂದು ನಂಬಿ ಬಂದೂಕಿಗೆ ಎದೆಯೊಡ್ಡಿದರು. ಗುಂಡುಗಳಿಗೆ ಮಂತ್ರ ಅರ್ಥವಾಗಲಿಲ್ಲ. ಇಂದಿನವರು ಮಂತ್ರ ಬಿಟ್ಟು ಅಭ್ಯಾಸದ ನೀಲಿ ರಬ್ಬರ್ ಪಿಸ್ತೂಲು ಹಿಡಿದಿದ್ದಾರೆ.

ಆ ರಬ್ಬರ್ ಪಿಸ್ತೂಲಿನ ಪಾಠ ನೋಡಬೇಕು. ನಳಿಕೆಯ ಗೆರೆಯಿಂದ ಮೈ ಪಕ್ಕಕ್ಕೆ, ಕೈಯಿಂದ ನಳಿಕೆ ಆಚೆಗೆ, ಮುನ್ನುಗ್ಗಿ ಹಿಡಿ, ತಿರುಚಿ ಕಿತ್ತುಕೋ. ವಿಧಾನದಲ್ಲಿ ದೋಷವಿಲ್ಲ, ಎದುರಿಗೆ ನಿಂತ ಜೊತೆಗಾರನಲ್ಲಿದೆ. ಅವನು ತೋಳು ಪೂರ್ತಿ ಚಾಚಿ, ಮೂಗಿನ ಹತ್ತಿರವೇ ಪಿಸ್ತೂಲು ತಂದು ಕಾಯುತ್ತಾನೆ. ನಿಜವಾದವನು ಪಿಸ್ತೂಲನ್ನು ಪಕ್ಕೆಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಿಂತರೆ ಈ ವಿದ್ಯೆಗೆಲ್ಲ ರಜೆ.

ಸ್ಲೈಡ್ ಗಟ್ಟಿ ಹಿಡಿದರೆ ಪಿಸ್ತೂಲು ಸತ್ತಂತೆ ಎನ್ನುವ ಗುರುಗಳಿದ್ದಾರೆ. ಸಾಯುವುದು ಎರಡನೆಯ ಗುಂಡು, ಸ್ವಾಮಿ! ಚೇಂಬರಿನಲ್ಲಿ, ಅಂದರೆ ನಳಿಕೆಯ ಬುಡದ ಗೂಡಿನಲ್ಲಿ, ಆಗಲೇ ಕೂತಿರುವ ಗುಂಡು ಸಾಮಾನ್ಯವಾಗಿ ಹಾರಿಯೇ ಹಾರುತ್ತದೆ; ಖಾಲಿ ಕವಚ ಹೊರಬೀಳದೆ ಮುಂದಿನದು ಒಳಬರುವುದಿಲ್ಲ, ಅಷ್ಟೆ. ಹಾಗೆ ಕಿತ್ತುಕೊಂಡ ಪಿಸ್ತೂಲು ನಿಮ್ಮ ಕೈಯಲ್ಲೂ ಕಬ್ಬಿಣದ ತುಂಡೇ, ಸ್ಲೈಡ್ ಪೂರ್ತಿ ಎಳೆದು ಬಿಡುವ ತನಕ. ರಿವಾಲ್ವರಿನಲ್ಲಿ ಗುಂಡು ತುಂಬುವ ಸಿಲಿಂಡರ್ ತಿರುಗದಂತೆ ಹಿಡಿಯಬಹುದು, ನಿಜ. ಬಡಿದು ಗುಂಡು ಹಾರಿಸುವ ಸುತ್ತಿಗೆಯನ್ನು (ಹ್ಯಾಮರ್) ದಾಳಿಕೋರ ಮೊದಲೇ ಹಿಂದಕ್ಕೆಳೆದಿದ್ದರೆ ಸಿಲಿಂಡರ್ ಆಗಲೇ ತಿರುಗಿ ಮುಗಿದಿರುತ್ತದೆ, ಗುಂಡು ಹಾರುತ್ತದೆ.

ತಂತ್ರದ ಮುಂದೆ ತೂಕ ಲೆಕ್ಕಕ್ಕಿಲ್ಲ ಎನ್ನುವವರನ್ನು, ಹಾಗಾದರೆ ಒಲಿಂಪಿಕ್ ಜೂಡೊದಲ್ಲಿ ಗಂಡಸರಿಗೆ ಏಳು, ಹೆಂಗಸರಿಗೆ ಏಳು ತೂಕದ ವರ್ಗ ಯಾಕೆ ಎಂದು ಕೇಳಿ. ನೀರು ಕುಡಿಯಲು ಎದ್ದು ಹೋಗುತ್ತಾರೆ. ತಲೆಬುರುಡೆಗೆ ಬರಿ ಮುಷ್ಟಿ ಹೊಡೆದರೆ ಮುರಿಯುವುದು ಹೆಚ್ಚಾಗಿ ಹೊಡೆದವನ ಕಿರುಬೆರಳಿನ ಬುಡದ ಅಂಗೈ ಮೂಳೆ. ಅದಕ್ಕೆ ವೈದ್ಯರು ಬಾಕ್ಸರ್ ಮುರಿತ ಎಂದೇ ಹೆಸರಿಟ್ಟಿದ್ದಾರೆ. ಅಂಗೈ ಬುಡದಿಂದ ಹೊಡೆಯಿರಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ, ಆದರೆ ಪೋಸ್ಟರಿನಲ್ಲಿ ಮುಷ್ಟಿಯೇ ಚೆಂದ.

ಕೇಳಿದ್ದನ್ನು ಎಸೆದು ಓಡಿ, ನಡುವೆ ಒಂದು ಕಾರನ್ನೋ ಮೇಜನ್ನೋ ಇಟ್ಟುಕೊಳ್ಳಿ, ಕಿರುಚಿ ಎಂಬ ಮೂರನೆಯ ಪಕ್ಷವೂ ಇದೆ. ಓಟಕ್ಕೆ ಬೆಲ್ಟೂ ಇಲ್ಲ, ಲೈಸೆನ್ಸೂ ಇಲ್ಲ, ಮಾರುವವರೂ ಇಲ್ಲ. ಹಾಗಾಗಿ ಟಿವಿ ಚರ್ಚೆಗೆ ಅವರನ್ನು ಕರೆಯುವುದಿಲ್ಲ.

ಎರಡೂ ಪಂಥದವರಿಗೆ ಒಪ್ಪುವ ಪರೀಕ್ಷೆಯೊಂದು ಬಹಳ ಅಗ್ಗದಲ್ಲಿದೆ. ಬಿಳಿ ಅಂಗಿ ತೊಡಿ. ಜೊತೆಗಾರನ ಕೈಗೆ ಚಾಕುವಿನ ಬದಲು ಕೆಂಪು ಮಾರ್ಕರ್ ಕೊಡಿ. ಎರಡಡಿ ದೂರದಿಂದ, ಮಾತಾಡುತ್ತ ಆಡುತ್ತಲೇ, ತನಗೆ ಬೇಕೆನಿಸಿದಾಗ ಚುಚ್ಚಲು ಹೇಳಿ. ಒಂದು ಸಲವಲ್ಲ, ಕೈ ಹಿಂದಕ್ಕೆಳೆದು ಮತ್ತೆ ಮತ್ತೆ. ನೀವು ಆಟಿಕೆ ಪಿಸ್ತೂಲು ಎಳೆಯಿರಿ, ಇಲ್ಲವೇ ಪಟ್ಟು ಹಾಕಿ, ನಿಮ್ಮಿಷ್ಟ. ಐದು ಸೆಕೆಂಡಿನ ಬಳಿಕ ಅಂಗಿ ಬಿಚ್ಚಿ ಕೆಂಪು ಗೀಟು ಎಣಿಸಿ. ಯಾವ ಶಿಬಿರದ ಕರಪತ್ರದಲ್ಲೂ ಈ ಪರೀಕ್ಷೆ ಇರುವುದಿಲ್ಲ. ಕಾರಣ ಕೇಳಿದರೆ, ಮಾರ್ಕರ್ ಕಲೆ ಒಗೆದರೂ ಹೋಗುವುದಿಲ್ಲವಂತೆ.