ಹೊಟ್ಟೆಯಿರುವ ಲಟ್ಟಣಿಗೆ

ಮನೆಗೆ ಮರ ತಿರುಗಿಸಿ ಕಡೆಯುವ ಲೇತ್ ಯಂತ್ರ ತಂದವರೆಲ್ಲ ಮೊದಲು ಕನಸು ಕಾಣುವುದು ಹೂದಾನಿಯದ್ದು. ಮನೆಯವರು ಕೇಳುವುದು ಲಟ್ಟಣಿಗೆ. ಇಲ್ಲಿ ಮನೆಯವರ ಮಾತೇ ಸರಿ. ಹೂದಾನಿ ಸೊಟ್ಟಗಾದರೆ ಕಲೆ ಎಂದು ಹೇಳಿ ಪಾರಾಗಬಹುದು. ಲಟ್ಟಣಿಗೆ ಸೊಟ್ಟಗಾದರೆ ಚಪಾತಿ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ರೊಟ್ಟಿ.

ನೋಡಲು ಬರೀ ಕೋಲು. ಆದರೆ ಚಪಾತಿಯ ಲಟ್ಟಣಿಗೆಗೆ ನಡುವೆ ಸಣ್ಣ ಹೊಟ್ಟೆಯಿದೆ, ಎರಡೂ ಕಡೆಗೆ ಇಳಿಜಾರಿದೆ. ಆ ಹೊಟ್ಟೆಯ ದೆಸೆಯಿಂದಲೇ ಒಂದು ಪಕ್ಕ ತುಸು ಒತ್ತಿದರೆ ಚಪಾತಿ ತಾನಾಗಿ ಸುತ್ತುವುದು. ಹಿಡಿ ಸೇರಿ 14 ಅಂಗುಲ ಉದ್ದ, ನಡುವೆ 32 ಮಿ.ಮೀ. ದಪ್ಪ, ಲಟ್ಟಿಸುವ ಭಾಗ ಮುಗಿಯುವಲ್ಲಿ 28 ಇದ್ದರೆ ಕೈಗೆ ಹಿತ. ಆ ನಾಲ್ಕು ಮಿ.ಮೀ. ಇಳಿತವನ್ನು ಏರುತಗ್ಗಿಲ್ಲದೆ ತೆಗೆಯುವುದರಲ್ಲೇ ಕೆಲಸವೆಲ್ಲ ಇರುವುದು.

ಒಂದೂವರೆ ಅಂಗುಲ ಚೌಕದ, 15 ಅಂಗುಲ ಉದ್ದದ ತುಂಡು ಸಾಕು. ಹಲಸು, ಹುಣಸೆ, ಕರಿಜಾಲಿ ಯಾವುದಾದರೂ ಆದೀತು. ತೇಗದೊಳಗಿನ ಸಿಲಿಕಾ ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಎಳೆ ನೇರವಿರಬೇಕು, ಗಂಟು ಇರಬಾರದು, ನಡುವಿನ ತಿರುಳಂತೂ ಸೇರಲೇಬಾರದು. ಬಿರುಕು ಶುರುವಾಗುವುದೇ ಅಲ್ಲಿಂದ. ಹಸಿ ಮರ ಉಳಿಗೆ ಸುಲಭ, ಆದರೆ ಒಣಗುವಾಗ ಅದು ಬೆಳವಣಿಗೆಯ ಉಂಗುರಗಳ ಗುಂಟ ಹೆಚ್ಚು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಅದರ ಅರ್ಧ. ದುಂಡಗೆ ಕಡೆದದ್ದು ಕೆಲವೇ ವಾರಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿ ಮಣೆಯ ಮೇಲೆ ಟಕ್ ಟಕ್ ಎನ್ನುತ್ತದೆ. ತುದಿಗಳಿಗೆ ಮೇಣ ಬಳಿದು, ಅಂಗುಲ ದಪ್ಪಕ್ಕೆ ಒಂದು ವರ್ಷದಂತೆ ನೆರಳಲ್ಲಿ ಒಣಗಿಸುವುದು ಹಳೆಯ ಲೆಕ್ಕ. ಅಷ್ಟು ಕಾಯಲಾಗದವರಿಗೆ ಮುರಿದ ಮಂಚದ ಕಾಲಿದೆ. ಒಳಗೆ ಮೊಳೆ ಉಳಿದಿಲ್ಲವೆಂದು ಮಾತ್ರ ನೋಡಿಕೊಳ್ಳಬೇಕು.

ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಕೂಡುವಲ್ಲಿ ನಡು ಸಿಗುತ್ತದೆ. ಮರವನ್ನು ಕಚ್ಚಿ ತಿರುಗಿಸುವ, ಹಲ್ಲಿರುವ ಸ್ಪರ್ ಸೆಂಟರನ್ನು ಲೇತಿನಿಂದ ಹೊರತೆಗೆದು ಮರಕ್ಕೆ ಬಡಿಯಬೇಕು. ಲೇತಿನಲ್ಲಿಟ್ಟೇ ಬಡಿದರೆ ಪೆಟ್ಟು ಬೇರಿಂಗಿಗೆ. ಉಳಿಗೆ ಆಸರೆಯಾಗುವ ಪಟ್ಟಿ, ಅಂದರೆ ಟೂಲ್ ರೆಸ್ಟ್, ಮರಕ್ಕೆ ಮೂರ್ನಾಲ್ಕು ಮಿ.ಮೀ. ದೂರದಲ್ಲಿರಲಿ. ಸ್ವಿಚ್ ಒತ್ತುವ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮೂಲೆ ಎಲ್ಲೂ ತಗುಲುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮುಖಕ್ಕೆ ಕವಚ ಬೇಕು. ಕೈಗವಸು, ಉದ್ದ ತೋಳು, ಶಲ್ಯ, ಕೊರಳ ಸರ ಬೇಡ, ಲೇತ್ ಅವನ್ನು ಎಳೆದುಕೊಂಡರೆ ಬಿಡುವುದಿಲ್ಲ.

ಚೌಕ ದುಂಡಾಗುವವರೆಗೆ ನಿಮಿಷಕ್ಕೆ 1000 ಸುತ್ತು, ಆಮೇಲೆ 1800. ಅಗಲ ಬಾಯಿಯ, ತೋಡಿನಂತೆ ಬಾಗಿದ ಗೌಜ್ ಉಳಿಯನ್ನು ತುದಿಯಿಂದ ಒಳಕ್ಕೆ ತಳ್ಳಿದರೆ ಸೀಳು ಏಳುತ್ತದೆ. ತುದಿಗೆ ಎರಡು ಅಂಗುಲ ಒಳಗೆ ಶುರುಮಾಡಿ ಹೊರಕ್ಕೆ ಸಾಗಿ, ಮತ್ತೆ ಇನ್ನಷ್ಟು ಒಳಗಿಂದ ಬರಬೇಕು. ಉಳಿ ಮೊದಲು ರೆಸ್ಟ್ ಮೇಲೆ ಕೂರಬೇಕು, ಆಮೇಲೆ ಬಾಯಿಯ ಹಿಂದಿನ ಸಾಣೆ ಹಿಡಿದ ಇಳಿಜಾರು ಮರಕ್ಕೆ ಸವರಬೇಕು, ಕೊನೆಗೆ ಹಿಡಿಯನ್ನು ಮೆಲ್ಲನೆ ಎತ್ತಿದಾಗ ಬಾಯಿ ತಾನೇ ಮರ ಹಿಡಿಯುತ್ತದೆ. ಈ ಕ್ರಮ ತಪ್ಪಿದರೆ ಸುರುಳಿ ಬರುವುದಿಲ್ಲ, ಪುಡಿ ಉದುರುತ್ತದೆ. ಪುಡಿ ಬಂದರೆ ಉಳಿ ಮೊಂಡಾಗಿರಲೂಬಹುದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಾಣೆ ಹಿಡಿಯುವುದು ಅತಿಯೇನಲ್ಲ. ಸಾಣೆಯಲ್ಲಿ ಸಾದಾ ಕಾರ್ಬನ್ ಉಕ್ಕು ನೀಲಿಯಾದರೆ ಹದ ಹೋಯಿತೆಂದೇ ಲೆಕ್ಕ, ಹೈಸ್ಪೀಡ್ ಉಕ್ಕಿಗೆ ಅದರಿಂದ ಏನೂ ಆಗುವುದಿಲ್ಲ.

ನುಣುಪಿಗೆ ಓರೆಬಾಯಿಯ ಸ್ಕ್ಯೂ ಉಳಿ. ಹೊಸಬರು ಹೆದರುವುದು ಇದಕ್ಕೇ, ಹೆದರುವುದರಲ್ಲಿ ತಪ್ಪೂ ಇಲ್ಲ. ಬಾಯಿಯ ನಡುವಿಗಿಂತ ಕೆಳಗಿನ ಭಾಗ ಮಾತ್ರ ಮರ ಮುಟ್ಟಬೇಕು. ಮೇಲಿನ ಮೂಲೆ ತಗುಲಿದ ಕ್ಷಣಕ್ಕೆ ಉಳಿ ಕಚ್ಚಿಕೊಂಡು, ಲಟ್ಟಣಿಗೆಯ ಮೈಮೇಲೆ ಸ್ಕ್ರೂ ಮೈಮೇಲಿರುವಂಥ ಸುರುಳಿ ಗೆರೆ ಎಳೆದುಬಿಡುತ್ತದೆ. ಯಾವಾಗಲೂ ಹೊಟ್ಟೆಯಿಂದ ತುದಿಯತ್ತ, ದಪ್ಪದಿಂದ ಸಣ್ಣಕ್ಕೆ ಇಳಿಯಬೇಕು. ಏರುತ್ತಾ ಹೋದರೆ ಎಳೆ ಕಿತ್ತು ಬರುತ್ತದೆ. ಕಣ್ಣು ಉಳಿಯ ತುದಿಯಲ್ಲಿ ಬೇಡ, ತಿರುಗುವ ಮರದ ಮೇಲಂಚಿನ ಗೆರೆಯ ಮೇಲಿರಲಿ. ಉಬ್ಬುತಗ್ಗು ಅಲ್ಲಿ ಕಾಣುವಷ್ಟು ಇನ್ನೆಲ್ಲೂ ಕಾಣುವುದಿಲ್ಲ.

ನಡುಭಾಗ ಮುಗಿಸದೆ ಹಿಡಿಗಳನ್ನು ಸಣ್ಣ ಮಾಡಬಾರದು. ತುದಿ ಸಣ್ಣಗಾದೊಡನೆ ಮರ ಅದುರತೊಡಗಿ ಮೈಮೇಲೆ ಓರೆ ಪಟ್ಟೆಗಳು ಮೂಡುತ್ತವೆ. ಆಗ ಮರದ ಇನ್ನೊಂದು ತುದಿಯನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕನ್ನು ಇನ್ನಷ್ಟು ಬಿಗಿ ಮಾಡೋಣ ಅನ್ನಿಸುತ್ತದೆ. ಬಿಗಿದರೆ ಮರ ಬಾಗಿ ಅದುರು ಹೆಚ್ಚುತ್ತದೆ. ತುಸು ಸಡಿಲಿಸಿ, ಉಳಿ ಹರಿತ ಮಾಡಿಕೊಂಡು ತೆಳ್ಳಗೆ ತೆಗೆಯುವುದೇ ದಾರಿ.

ಆಮೇಲೆ ಮರಳು ಕಾಗದ, ಒರಟಿನಿಂದ ನುಣುಪಿಗೆ ನಂಬರ್ 120, 180, 240, 320. ಇದು ಬೇಸರದ ಕೆಲಸ, ಆದರೂ ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಕೊನೆಯವರೆಗೂ ಉಳಿಯುತ್ತದೆ. ಟೂಲ್ ರೆಸ್ಟ್ ತೆಗೆದಿಟ್ಟೇ ಉಜ್ಜಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಣ್ಣ ನಾರುಗಳು ಎದ್ದು ನಿಲ್ಲುತ್ತವೆ, ಅವನ್ನು 320ರಲ್ಲಿ ಮತ್ತೊಮ್ಮೆ ಸವರಿದರೆ ಮೊದಲ ತೊಳೆತಕ್ಕೇ ಒರಟಾಗುವುದಿಲ್ಲ.

ಹಿಡಿಗೆ ಬಣ್ಣದ ಬಳೆ ಬೇಕೆಂದರೆ ಚನ್ನಪಟ್ಟಣದವರ ಕ್ರಮವಿದೆ. ತಿರುಗುವ ಆಲೆ ಮರಕ್ಕೆ ಅವರು ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಅಂಟುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಲಟ್ಟಿಸುವ ಭಾಗಕ್ಕೆ ಮಾತ್ರ ಅರಗು ಬೇಡ, ಬಿಸಿನೀರಿಗೆ ಮೆತ್ತಗಾಗುತ್ತದೆ. ಅಲ್ಲಿಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೆ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರವಿ ಒಣಗಿಸಿ.

ತುದಿಗಳನ್ನು ಲೇತಿನಲ್ಲೇ ಪೂರ್ತಿ ಕತ್ತರಿಸಲು ಹೋಗಬಾರದು. 10 ಮಿ.ಮೀ. ದಪ್ಪ ಉಳಿಸಿ, ಲೇತ್ ನಿಲ್ಲಿಸಿ, ಗರಗಸದಲ್ಲಿ ಕೊಯ್ದು ಉಜ್ಜಬೇಕು. ನೀರು ಹೆಚ್ಚು ಕುಡಿಯುವುದು ಈ ಕೊಯ್ದ ಮುಖಗಳೇ, ಅಲ್ಲಿ ಎಣ್ಣೆ ಎರಡು ಮೂರು ಸಲವಾಗಲಿ. ಇಷ್ಟೆಲ್ಲ ಆದಮೇಲೂ ಯಾರಾದರೂ ಅದನ್ನು ಪಾತ್ರೆಗಳ ಜೊತೆ ರಾತ್ರಿಯಿಡೀ ಸಿಂಕಿನಲ್ಲಿ ನೆನೆಹಾಕಿದರೆ, ಮಂಚದ ಇನ್ನೊಂದು ಕಾಲು ಹುಡುಕಬೇಕಾಗುತ್ತದೆ.